ಸಾಮುಯೇಲ ದಿವೇಕರನು ಸಲ್ಲಿಸಿದ ಹರಕೆ

ಇಸ್ರಾಯೇಲ್ಯರ ಸೆರೆವಾಸವೆಂದರೆ ನಾವು ಬಾಬೆಲನ್ನು ನೆನಸುತ್ತೇವೆ. ಆದರೆ ಆ ಸಂತತಿಯವರು ನಮ್ಮ ಮೈಸೂರು ಸೀಮೆಯಲ್ಲಿಯೂ ಸೆರೆಯಾಗಿದ್ದರು.

ಕೊಂಕಣದ ಬೆನೆ ಇಸ್ರಾಯೇಲ್ಯರು ಎಣ್ಣೆಯ ಗಾಣ ನಡಿಸುವವರಾಗಿದ್ದರು. ಶನಿವಾರದಲ್ಲಿ ಗಾಣವನ್ನು ನಿಲ್ಲಿಸುತ್ತಿದ್ದದರಿಂದ ನೆರೆಯವರು ಅವರನ್ನು ಶನಿವಾರದ ತೇಲಿಗಳೆಂದು ಕರೆದರು. ಧರ್ಮಶಾಸ್ತ್ರದ ಸುರುಳಿಗಳು ಅವರ ಕೈಯಲ್ಲಿ ಇಲ್ಲದಿದ್ದರೂ ದೋಷಪರಿಹಾರಕ ದಿನದಲ್ಲಿ ಮನೆಯ ಬಾಗಿಲನ್ನು ಮುಚ್ಚಿಕೊಂಡು ಉಪವಾಸವಿರುತ್ತಿದ್ದರು.

ಈ ಕುಲದವನಾದ ಸಾಮುಯೇಲ ಯೆಹೆಜ್ಕೇಲ ದಿವೇಕರನು ಮುಂಬಯಿಯ ಕುಂಪಣಿ ಸೈನ್ಯದಲ್ಲಿ ಅಧಿಕಾರಿಯಾಗಿದ್ದು, 1780ರಿಂದ 1784ರ ವರೆಗೆ ನಡೆದ ಯುದ್ಧದಲ್ಲಿ ಟಿಪ್ಪು ಸುಲ್ತಾನನ ಕೈಗೆ ಸಿಕ್ಕಿದನು. ಸೆರೆಯವರು ಇಸ್ರಾಯೇಲ್ ವಂಶದವರೆಂದು ತಿಳಿದು ಸುಲ್ತಾನನ ತಾಯಿಯು ಅವರ ಪ್ರಾಣಕ್ಕಾಗಿ ಬೇಡಿಕೊಂಡಳೆಂದು ಆ ಜನರ ಹಿರಿಯರು ಹೇಳುತ್ತಾ ಬಂದಿದ್ದಾರೆ. ಸುಕ್ಷೇಮವಾಗಿ ಹಿಂದಿರುಗಿದರೆ ದೇವರಿಗೆ ಸಭಾಮಂದಿರವನ್ನು ಕಟ್ಟಿಸುವೆನೆಂದು ಸಾಮುಯೇಲನು ಹರಕೆಮಾಡಿದನೆಂದೂ ಹೇಳುವರು.

ಸಂಕಟ ತೀರಿದ ಮೇಲೆ ಹರಕೆಯನ್ನು ಮರೆಯುವವರು ಅನೇಕರು; ಅವನು ಮರೆಯಲಿಲ್ಲ. 1796ರಲ್ಲಿ ಮುಂಬಯಿಯ ಮೊದಲನೆಯ ಯೆಹೂದ್ಯ ಸಭಾಮಂದಿರವನ್ನು ಕಟ್ಟಿಸಿದನು. ಈಗ ಅದಕ್ಕೆ ಕರುಣೆಯ ಬಾಗಿಲೆಂಬ ಅರ್ಥವುಳ್ಳ ಇಬ್ರಿಯ ಹೆಸರುಂಟು. ಬಳಿಕ ಸುರುಳಿಗಳನ್ನು ತರುವದಕ್ಕಾಗಿ ಕೊಚ್ಚಿಗೆ ಹೋಗಿ, 1797ರಲ್ಲಿ ಅಲ್ಲಿಯೇ ಮರಣಹೊಂದಿದನು.

ಪ್ರವಾದಿಗಳು ಮುಂತಿಳಿಸಿದಂತೆ ಇಸ್ರಾಯೇಲ್ಯರು ಜನಾಂಗಗಳಲ್ಲಿ ಚದರಿಹೋದರೂ ನಿರ್ಮೂಲವಾಗಲಿಲ್ಲ. 1948ರಲ್ಲಿ ಇಸ್ರಾಯೇಲ್ ರಾಜ್ಯವು ಸ್ಥಾಪಿತವಾದ ತರುವಾಯ ಈ ಕುಲದಲ್ಲಿ ಹೆಚ್ಚಿನವರು ಅಲ್ಲಿಗೆ ಹೋದರು. ಅವರು ಎದುರುನೋಡುವ ಮೆಸ್ಸೀಯನು ಬಂದಿದ್ದಾನೆಂದು ನಾವು ನಂಬುತ್ತೇವೆ. ಆದರೂ ಪೌಲನು ಬೋಧಿಸುವಂತೆ ನಾವು ಅವರ ಎಣ್ಣೇಮರಕ್ಕೆ ಕಸಿಕಟ್ಟಲ್ಪಟ್ಟ ಕೊಂಬೆಗಳೇ. ಆದಕಾರಣ ಬೇರನ್ನು ಹೀನೈಸದೆ ಇರೋಣ. ಬರಗಾಲದಲ್ಲಿಯೂ ರೋಗದಲ್ಲಿಯೂ ನಾವು ಮಾಡಿದ ಹರಕೆಗಳನ್ನು ಸುಖಕಾಲದಲ್ಲಿ ಸಲ್ಲಿಸೋಣ.