ಫೈಲ್ ಗೀರು ಬಿದ್ದ ಡಾಲರ್

ಮೊದಲ ವರ್ಷದ ವರ್ಕ್‌ಶಾಪ್‌ನಲ್ಲಿ ಕಬ್ಬಿಣದ ತುಂಡಿಗೆ ಫೈಲ್ ಹಾಕಿ ಹಾಕಿ ಅಂಗೈಯಲ್ಲಿ ಬೊಬ್ಬೆ ಬರಿಸಿಕೊಂಡವರು ನಾವು. ಹಾಗೆ ಫೈಲ್ ಗೀರು ಬಿದ್ದ ನಾಣ್ಯಗಳಿಗೆ ಸಂಗ್ರಾಹಕರು ಲಕ್ಷಗಟ್ಟಲೆ ಕೊಡ್ತಾರೆ ಅಂತ ಗೊತ್ತಾದಾಗ ನಂಬೋಕೇ ಆಗಲಿಲ್ಲ. ಅಮೆರಿಕದ ಮೊದಲ ಬೆಳ್ಳಿ ಡಾಲರ್‌ಗಳ ಕಥೆ ಇದು. ಅವುಗಳ ಹಿಂದೆ ಇದ್ದವರು ಡೇವಿಡ್ ರಿಟನ್‌ಹೌಸ್.

1732ರಲ್ಲಿ ಪೆನ್ಸಿಲ್ವೇನಿಯಾದ ರೈತ ಕುಟುಂಬದಲ್ಲಿ ಹುಟ್ಟಿದ ಅವರು ಕಾಲೇಜು ಮೆಟ್ಟಿಲು ಹತ್ತಲಿಲ್ಲ. ತೀರಿಕೊಂಡ ಸೋದರಮಾವನ ಮರಗೆಲಸದ ಉಪಕರಣ, ಗಣಿತದ ಪುಸ್ತಕಗಳೇ ಅವರಿಗೆ ಮೇಷ್ಟ್ರು. ಹತ್ತೊಂಬತ್ತಕ್ಕೆ, ಅಂದ್ರೆ ನಮ್ಮ ವಯಸ್ಸಿಗೆ, ತಂದೆಯ ಹೊಲದಲ್ಲೇ ಗಡಿಯಾರ, ಉಪಕರಣಗಳ ಅಂಗಡಿ ತೆರೆದರು. 1769ರಲ್ಲಿ ಶುಕ್ರ ಸೂರ್ಯನ ಮುಂದೆ ಹಾದುಹೋಗುವುದನ್ನು ಮನೆ ಹತ್ತಿರ ತಾವೇ ಕಟ್ಟಿದ ವೀಕ್ಷಣಾಲಯದಿಂದ ನೋಡಿ ಲೆಕ್ಕ ಬರೆದರು.

1792ರಲ್ಲಿ ಅಧ್ಯಕ್ಷ ವಾಷಿಂಗ್ಟನ್ ಅವರನ್ನ ಫಿಲಡೆಲ್ಫಿಯಾದ ಹೊಸ ಟಂಕಸಾಲೆಗೆ ಮೊದಲ ನಿರ್ದೇಶಕರನ್ನಾಗಿ ನೇಮಿಸಿದರು. ಆಗ ಅವರಿಗೆ ಅರವತ್ತು, ಆರೋಗ್ಯವೂ ಚೆನ್ನಾಗಿರಲಿಲ್ಲ.

ಡಾಲರ್ ಅಂದ್ರೆ ಸುಮಾರು 27 ಗ್ರಾಂ ತೂಕ, ನಮ್ಮ ಹತ್ತು ರೂಪಾಯಿ ನಾಣ್ಯದ ಮೂರೂವರೆ ಪಟ್ಟು. ಆಗ ನಾಣ್ಯದ ಬೆಲೆ ಅದರೊಳಗಿನ ಬೆಳ್ಳಿಯದ್ದೇ, ಹಾಗಾಗಿ ತೂಕ ತಪ್ಪೋ ಹಾಗಿರಲಿಲ್ಲ. ಬಿಲ್ಲೆ ಭಾರ ಜಾಸ್ತಿಯಾದ್ರೆ ಫೈಲ್‌ನಿಂದ ಉಜ್ಜೋರು. ಕಡಿಮೆಯಾದ್ರೆ ಕೆಲವಕ್ಕೆ ನಡುವೆ ಬೆಳ್ಳಿಯ ಚೂರು ಸೇರಿಸೋರು. ಆಮೇಲೆ ಕೈಯಿಂದ ತಿರುಗಿಸೋ ಸ್ಕ್ರೂ ಪ್ರೆಸ್‌ನಲ್ಲಿ ಒತ್ತೋರು. ಆದರೆ ಅಷ್ಟು ದೊಡ್ಡ ನಾಣ್ಯಕ್ಕೆ ಇದ್ದ ಪ್ರೆಸ್‌ನ ಬಲ ಸಾಲಲಿಲ್ಲ, ಎರಡು ಅಚ್ಚುಗಳೂ ಸಮಾಂತರವಾಗಿ ಕೂರಲಿಲ್ಲ. 1794ರ ಅಕ್ಟೋಬರ್ 15ರಂದು ಹೊರಬಂದಿದ್ದು 1758 ಡಾಲರ್ ಮಾತ್ರ. ಬಹಳಷ್ಟರಲ್ಲಿ ಎಡಗಡೆಯ ನಕ್ಷತ್ರಗಳು ಮಸುಕು. ಇನ್ನೂ ಬಲವಾದ ಪ್ರೆಸ್ ಬರೋವರೆಗೂ ಡಾಲರ್ ಕೆಲಸ ನಿಲ್ಲಿಸಬೇಕಾಯ್ತು. 1795ರಲ್ಲಿ ಮತ್ತೆ ಶುರುವಾಯ್ತು. ಅದೇ ವರ್ಷ ಅವರು ರಾಜೀನಾಮೆ ಕೊಟ್ಟರು, ಮರುವರ್ಷ ತೀರಿಕೊಂಡರು.

ಆ 1758ರಲ್ಲಿ ಒಂದು 2013ರಲ್ಲಿ ಒಂದು ಕೋಟಿ ಡಾಲರ್‌ಗೂ ಹೆಚ್ಚಿಗೆ ಹರಾಜಾಯ್ತು. ಅದರ ನಡುವೆಯೂ ಬೆಳ್ಳಿಯ ಚೂರು ಸೇರಿಸಿದ ಗುರುತಿದೆ! ಹಳೇ ಡಾಲರ್ ಕೊಳ್ಳೋರು ಮೊದಲು ಕಲಿಯೋದು ಇದನ್ನೇ: ಅಚ್ಚಿಗೆ ಮುಂಚೆ ಟಂಕಸಾಲೆಯಲ್ಲೇ ಬಿದ್ದ ಗೀರು ಯಾವುದು, ಆಮೇಲೆ ಯಾರೋ ತಿಕ್ಕಿ ಹಾಳು ಮಾಡಿದ್ದು ಯಾವುದು ಅಂತ ಬೇರೆ ಮಾಡೋದು. ಮೊದಲನೆಯದು ಆ ನಾಣ್ಯದ ಹುಟ್ಟಿನ ಗುರುತು, ಎರಡನೆಯದು ಬೆಲೆ ಇಳಿಸುತ್ತೆ.

ಜೀವನವಿಡೀ ಗಡಿಯಾರದ ನಿಖರತೆಗೆ ದುಡಿದವರ ಕೈಯಿಂದ ಅರೆಬರೆ ಅಚ್ಚಿನ ನಾಣ್ಯ ಹೊರಬಂತು. ಒಳ್ಳೇ ಮಷಿನ್ ಬರಲಿ ಅಂತ ಕಾದಿದ್ದರೆ 1794ರ ಡಾಲರ್ ಇರ್ತಾನೇ ಇರಲಿಲ್ಲ. ಪ್ರಾಜೆಕ್ಟ್ ಶುರು ಮಾಡೋಕೆ ಲ್ಯಾಬ್ ಸರಿಯಿಲ್ಲ ಅನ್ನೋ ನಾವು ಇದನ್ನ ಸ್ವಲ್ಪ ಯೋಚಿಸಬೇಕು.