ಮೀನಿಗೆ ಉಣಿಸಿದ ಅರಸ

ಗದಗಿನಲ್ಲಿ ಹೊಸ ಮನೆ ಕಟ್ಟಿಸುತ್ತಿರುವ ನಮ್ಮ ಬಂಧುವೊಬ್ಬರು ಪಡಸಾಲೆಯ ಒಂದು ಗೋಡೆಯುದ್ದಕ್ಕೂ 2,000 ಲೀಟರ್ ಉಪ್ಪುನೀರು ಹಿಡಿಯುವ ಗಾಜಿನ ತೊಟ್ಟಿ ಇರಿಸಿ, ಕಡಲಿನ ಮೀನುಗಳನ್ನು ಸಾಕಬೇಕೆಂದಿದ್ದಾರೆ. ಖರ್ಚಿನ ಅಂದಾಜು ನೋಡಿಕೊಡಬೇಕೆಂದು ಕಾಗದಪತ್ರಗಳನ್ನು ನನ್ನ ಮುಂದಿಟ್ಟರು. ಕಡತಗಳ ನಡುವೆ ಆಯುಷ್ಯ ಕಳೆದವನಿಗೆ ಇಂಥ ಕೆಲಸ ಬೇಸರ ತರುವುದಿಲ್ಲ. ನೀರಿನ ತೂಕವೇ 2 ಟನ್. ಲೀಟರಿಗೆ 35 ಗ್ರಾಮಿನಂತೆ 70 ಕಿಲೋ ಲವಣ. ಬೇಸಿಗೆಯ ತಾಪ 40 ಡಿಗ್ರಿಯ ಸಮೀಪಕ್ಕೆ ಹೋಗುವ ಊರಿನಲ್ಲಿ ತೊಟ್ಟಿಯ ನೀರನ್ನು 26 ಡಿಗ್ರಿಯ ಆಸುಪಾಸಿನಲ್ಲಿ ನಿಲ್ಲಿಸಲು ಹಗಲಿರುಳು ವಿದ್ಯುತ್ತು. ಈ ಲೆಕ್ಕದ ನಡುವೆ, ಇದೇ ನೆಲವನ್ನು ಆಳಿ, ಮೀನುಗಳ ಬಗ್ಗೆ ಒಂದು ಅಧ್ಯಾಯವನ್ನೇ ಬರೆದ ಅರಸನೊಬ್ಬ ನೆನಪಾದ. ಅವನೇ ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರ.

ದೊಡ್ಡ ತಂದೆಯ ಮಗನಾಗಿ ಹುಟ್ಟುವುದು ಸುಲಭದ ಹೊರೆಯಲ್ಲ. ಸೋಮೇಶ್ವರನ ತಂದೆ ಆರನೆಯ ವಿಕ್ರಮಾದಿತ್ಯ 1076ರಲ್ಲಿ ಪಟ್ಟವೇರಿ, ತನ್ನದೇ ಶಕೆಯೊಂದನ್ನು ಆರಂಭಿಸಿ, ಐವತ್ತು ವರ್ಷ ಆಳಿದವನು. ಕಾಶ್ಮೀರದ ಬಿಲ್ಹಣ ಅವನ ಚರಿತೆಯನ್ನು ಕಾವ್ಯವಾಗಿಸಿದ. ವಿಜ್ಞಾನೇಶ್ವರ ಅವನ ಆಶ್ರಯದಲ್ಲಿ ಮಿತಾಕ್ಷರವನ್ನು ಬರೆದ. 1126ರ ಸುಮಾರಿಗೆ ಸಿಂಹಾಸನವೇರಿದ ಮಗನಿಗೆ ಗೆಲ್ಲಲು ಹೆಚ್ಚೇನೂ ಉಳಿದಿರಲಿಲ್ಲ, ಕಳೆದುಕೊಳ್ಳಲು ಬಹಳವಿತ್ತು. ಇಂದಿನ ಗದಗ, ಲಕ್ಕುಂಡಿಗಳಿದ್ದ ಬೆಳ್ವೊಲ-300, ಲಕ್ಷ್ಮೇಶ್ವರ ಕೇಂದ್ರವಾಗಿದ್ದ ಪುಲಿಗೆರೆ-300 ಆ ರಾಜ್ಯದ ತಿರುಳಿನ ನಾಡುಗಳು. ಭೂಲೋಕಮಲ್ಲ ಎಂಬ ಬಿರುದು ಅವನಿಗಿತ್ತು. ಆದರೆ ವಿದ್ವಾಂಸರು ಅವನನ್ನು ನೆನೆಯುವುದು ಸರ್ವಜ್ಞಭೂಪ ಎಂಬ ಇನ್ನೊಂದು ಬಿರುದಿನಿಂದ.

ಆ ಹೆಸರನ್ನು ತಂದುಕೊಟ್ಟದ್ದು 1129ರ ಸುಮಾರಿಗೆ ಸಂಸ್ಕೃತದಲ್ಲಿ ರಚಿತವಾದ ಮಾನಸೋಲ್ಲಾಸ. ಅಭಿಲಷಿತಾರ್ಥ ಚಿಂತಾಮಣಿ ಎಂಬುದೂ ಅದರ ಹೆಸರೇ. ಐದು ವಿಂಶತಿ, ಒಟ್ಟು ನೂರು ಅಧ್ಯಾಯ. ಬರೋಡಾದ ಗಾಯಕವಾಡ ಪ್ರಾಚ್ಯ ಗ್ರಂಥಮಾಲೆಯಲ್ಲಿ 1925ರಿಂದ ಇದು ಸಂಪುಟಗಳಾಗಿ ಅಚ್ಚಾಯಿತು. ಇಡ್ಲಿಯ ಪೂರ್ವಜವನ್ನು ಹುಡುಕುವವರು, ಸಂಗೀತ, ನೃತ್ಯ, ಚಿತ್ರಕಲೆಗಳ ಇತಿಹಾಸಕಾರರು ಎಲ್ಲರೂ ಇದರ ಬಾಗಿಲು ತಟ್ಟುತ್ತಾರೆ. ಆಡಳಿತದಲ್ಲಿದ್ದ ನನ್ನ ಗಮನ ಸೆಳೆದದ್ದು ಅಧ್ಯಾಯಗಳ ಅನುಕ್ರಮ. ಮೊದಲನೆಯ ವಿಂಶತಿ ರಾಜ್ಯವನ್ನು ಪಡೆಯುವ ಅರ್ಹತೆಯನ್ನು ಹೇಳುತ್ತದೆ. ಎರಡನೆಯದು ಮಂತ್ರಿಗಳು, ಬೊಕ್ಕಸ, ಸೈನ್ಯಗಳ ಮೂಲಕ ಅದನ್ನು ಸ್ಥಿರಗೊಳಿಸುವ ಬಗೆಯನ್ನು. ಅರಮನೆ, ಊಟ, ಉಡುಗೆಗಳ ಭೋಗ ಮೂರನೆಯದರಲ್ಲಿ. ವಿನೋದ, ಕ್ರೀಡೆಗಳಿಗೆ ಕೊನೆಯ ಎರಡು. ಹವ್ಯಾಸಕ್ಕೆ ಮೊದಲು ಹೊಣೆ ಎಂಬ ಕ್ರಮ ಗ್ರಂಥದ ರಚನೆಯಲ್ಲೇ ಇದೆ.

ಆ ನಾಲ್ಕನೆಯ ವಿಂಶತಿಯಲ್ಲಿದೆ ಮತ್ಸ್ಯವಿನೋದ. ಇಲ್ಲಿ 35 ಬಗೆಯ ಮೀನುಗಳು ಹೆಸರಿನೊಡನೆ ಬರುತ್ತವೆ. ಕಡಲಿನವು ಯಾವುವು, ಹೊಳೆಯವು ಯಾವುವು, ಯಾವುದಕ್ಕೆ ಹುರುಪೆಯಿದೆ, ಯಾವುದಕ್ಕಿಲ್ಲ ಎಂದು ವಿಂಗಡಿಸಲಾಗಿದೆ. ಅದಕ್ಕಿಂತ ಮುಖ್ಯವಾಗಿ, ಯಾವ ಜಾತಿಗೆ ಯಾವ ಆಹಾರ ಒಗ್ಗುತ್ತದೆ, ಉಣಿಸಿ ಕೊಬ್ಬಿಸುವುದು ಹೇಗೆ ಎಂಬ ವಿವರಗಳಿವೆ. ಕಲ್ಯಾಣವು ಕಡಲಿನಿಂದ ಬಹುದೂರದ ಒಳನಾಡು. ಅಲ್ಲಿನ ದೊರೆಗೆ ಕಡಲ ಮೀನಿನ ಪರಿಚಯವೆಲ್ಲಿಂದ ಬಂತು? ಸಾಮಂತನಾಗಿದ್ದ ಗೋವೆಯ ಕದಂಬ ಜಯಕೇಶಿಯು ವಿಕ್ರಮಾದಿತ್ಯನ ಮಗಳು ಮೈಳಲದೇವಿಯ ಕೈಹಿಡಿದವನು. ಆ ಬಾಂಧವ್ಯದ ದಾರಿಯಲ್ಲಿ ಕರಾವಳಿಯ ತಿಳಿವಳಿಕೆಯೂ ಘಟ್ಟವೇರಿ ಬಂದಿರಬಹುದೆಂದು ಊಹಿಸಬಹುದಷ್ಟೇ. 1951ರಲ್ಲಿ ಪ್ರಾಣಿಶಾಸ್ತ್ರಜ್ಞ ಸುಂದರಲಾಲ್ ಹೋರಾ ಈ ಅಧ್ಯಾಯದ ಮೇಲೆ ಪ್ರತ್ಯೇಕ ಲೇಖನ ಪ್ರಕಟಿಸಿದರು. ಭಾರತದ ಮೀನುಗಳ ಅಧ್ಯಯನಕ್ಕೆ ಬಾಳನ್ನು ಮೀಸಲಿಟ್ಟ ತಜ್ಞರಿಗೆ ಎಂಟು ಶತಮಾನದ ಹಿಂದಿನ ಅರಸನೊಬ್ಬ ಗಂಭೀರ ಸಹೋದ್ಯೋಗಿಯಾಗಿ ಕಂಡನೆಂಬುದು ಸಣ್ಣ ಮಾತಲ್ಲ.

ಆದರೆ ಅತಿಶಯೋಕ್ತಿ ಬೇಡ. ಸೋಮೇಶ್ವರನ ಬಳಿ ಗಾಜಿನ ತೊಟ್ಟಿಯಿರಲಿಲ್ಲ. ಅವನ ಮೀನುಗಳು ಉಂಡದ್ದು ಕೊನೆಗೆ ಗಾಳಕ್ಕೆ ಸಿಗಲೆಂದೇ. ಅದಕ್ಕೂ ಹಿಂದೆ ರೋಮಿನ ಸಿರಿವಂತರು ಕಡಲತಡಿಯಲ್ಲಿ ಉಪ್ಪುನೀರಿನ ಕೊಳ ಕಟ್ಟಿಸಿ ಮೀನು ಸಾಕುತ್ತಿದ್ದರು. ಸಮುದ್ರದ ಜೀವಿಗಳನ್ನು ಗಾಜಿನೊಳಗೆ ಸಾರ್ವಜನಿಕರಿಗೆ ತೋರಿಸಿದ್ದು 1853ರಲ್ಲಿ, ಲಂಡನ್ನಿನ ಮೃಗಾಲಯದಲ್ಲಿ. ಅದಕ್ಕೆ ಶ್ರಮಿಸಿದ ಫಿಲಿಪ್ ಹೆನ್ರಿ ಗಾಸ್ ಬರೆದ ಪುಸ್ತಕಗಳಿಂದ ಈ ಹವ್ಯಾಸ ಇಂಗ್ಲೆಂಡಿನ ಮನೆಮನೆಗೆ ಹಬ್ಬಿತು. ಸಂಗ್ರಹಕಾರರು ಮುಗಿಬಿದ್ದು ತಾನು ಪ್ರೀತಿಸಿದ ಕಡಲತೀರಗಳೇ ಬರಿದಾದುದನ್ನು ಅವನು ಕಂಡು ಮರುಗಿದ. ಇಂದಿಗೂ ಸಿಹಿನೀರಿನ ಅಲಂಕಾರಿಕ ಮೀನುಗಳು ಬಹುತೇಕ ಸಾಕಣೆಯವು, ಕಡಲಿನವು ಬಹುಪಾಲು ಹವಳದ ದಿಬ್ಬಗಳಿಂದ ಹಿಡಿದು ತಂದವು.

ಸೋಮೇಶ್ವರನ ಆಳ್ವಿಕೆ ಹನ್ನೆರಡು ವರ್ಷಗಳದ್ದು. ಆ ಅವಧಿಯಲ್ಲಿ ವೇಂಗಿಯ ಮೇಲಿನ ಹಿಡಿತ ಸಡಿಲಿತು. ದಕ್ಷಿಣದಲ್ಲಿ ಹೊಯ್ಸಳ ವಿಷ್ಣುವರ್ಧನ ಬಲಗೊಂಡ. ತಂದೆಯ ಚರಿತೆಯನ್ನು ಹೇಳಲು ಹೊರಟ ವಿಕ್ರಮಾಂಕಾಭ್ಯುದಯ ಅಪೂರ್ಣವಾಗಿಯೇ ಉಳಿಯಿತು. 1138ರಲ್ಲಿ ಅವನು ತೀರಿಕೊಂಡ ಕಾಲು ಶತಮಾನದೊಳಗೆ ಕಲ್ಯಾಣ ಕಳಚುರಿ ಬಿಜ್ಜಳನ ಪಾಲಾಯಿತು. ಪುಸ್ತಕದಲ್ಲಿ ಮುಳುಗಿದ ದೊರೆ ರಾಜ್ಯವನ್ನು ಮರೆತನೆಂದು ತೀರ್ಪು ಕೊಡುವುದು ಸುಲಭ. ದೊಡ್ಡ ಸಾಮ್ರಾಜ್ಯಗಳ ಸಾಮಂತರು ಬಲಿತು ಒಡೆಯರಾಗುವುದು ಒಬ್ಬ ಅರಸನ ಹವ್ಯಾಸದಿಂದಲ್ಲ ಎಂಬುದು ನನ್ನ ಎಣಿಕೆ. ಆದರೂ ರಾಜ್ಯವನ್ನು ಸ್ಥಿರಗೊಳಿಸುವ ಬಗೆಯನ್ನು ಬರೆದವನ ರಾಜ್ಯವೇ ನಿಲ್ಲಲಿಲ್ಲ ಎಂಬ ವ್ಯಂಗ್ಯವನ್ನು ಅಲ್ಲಗಳೆಯಲಾರೆ. ಬರೆಯುವುದಕ್ಕೂ ಜಾರಿಗೆ ತರುವುದಕ್ಕೂ ಇರುವ ಅಂತರ ನಮ್ಮಂಥ ಅಧಿಕಾರಿಗಳಿಗೆ ಚೆನ್ನಾಗಿಯೇ ಗೊತ್ತು.

ಬಂಧುವಿನ ಅಂದಾಜುಪಟ್ಟಿಯನ್ನು ಟಿಪ್ಪಣಿಯೊಂದಿಗೆ ಹಿಂದಿರುಗಿಸಿದ್ದೇನೆ. ಮೀನಿನ ಮಲಿನವನ್ನು ಅರಗಿಸುವ ಸೂಕ್ಷ್ಮಾಣುಗಳು ನೆಲೆಗೊಳ್ಳಲು ವಾರಗಳೇ ಬೇಕು. ಅಲ್ಲಿಯವರೆಗೆ ತೊಟ್ಟಿಯಲ್ಲಿ ಮೀನು ಬೇಡ. ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಕ್ಲೌನ್ ಮೀನನ್ನು ಸಾಕಣೆಯಲ್ಲೇ ಮರಿ ಮಾಡಿಸುವ ವಿಧಾನವನ್ನು ರೂಪಿಸಿದೆ, ಅಂಥವನ್ನೇ ಕೊಳ್ಳಿ. ತೊಟ್ಟಿಯ ನೀರು ಆವಿಯಾದಾಗ ಉಪ್ಪು ಉಳಿಯುತ್ತದೆ, ಆದ್ದರಿಂದ ದಿನವೂ ಸೇರಿಸಬೇಕಾದದ್ದು ಶುದ್ಧ ಸಿಹಿನೀರು. ಅದನ್ನು ಶುದ್ಧಗೊಳಿಸುವ ಯಂತ್ರ ಸಾಮಾನ್ಯವಾಗಿ ಕೊಡುವುದಕ್ಕಿಂತ ಹೆಚ್ಚು ನೀರನ್ನು ಚರಂಡಿಗೆ ಹರಿಸುತ್ತದೆ. ಕುಡಿಯುವ ನೀರಿಗೆ ತುಂಗಭದ್ರೆಯತ್ತ ನೋಡುವ, ಮುಂಡರಗಿ ಕಡೆಯ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಬರುವ ಜಿಲ್ಲೆಯಿದು. ಆ ನೀರು ಎಲ್ಲಿಂದ ಬರುತ್ತದೆ ಎಂಬ ಅಂಕಣವನ್ನು ಅವರು ಖಾಲಿ ಬಿಟ್ಟಿದ್ದರು. ಮನೆಯ ಮಾಳಿಗೆಯ ಮಳೆನೀರನ್ನು ಹಿಡಿಯುವ ತೊಟ್ಟಿ ಮೊದಲು, ಮೀನಿನ ತೊಟ್ಟಿ ಆಮೇಲೆ ಎಂದು ಅಲ್ಲಿ ಬರೆದೆ. ಮಾನಸೋಲ್ಲಾಸದ ಅನುಕ್ರಮವೂ ಅದೇ ತಾನೆ?