ಒಂದು ರನ್ನೂ ಹೊಡೆಯದೆ ಸ್ಟೇಡಿಯಂಗೆ ಹೆಸರಾದವರು

ನಮ್ಮ ಕಾಲೇಜಿನ ಕ್ರಿಕೆಟ್ ಟೀಮಿನಲ್ಲಿ ನಾನೂ ಇದ್ದೀನಿ, ಆದರೆ ಆಡುವ ಹನ್ನೊಂದು ಜನರಲ್ಲಿ ಅಲ್ಲ. ಫಸ್ಟ್ ಇಯರ್‌ನಲ್ಲಿ ಸೆಲೆಕ್ಷನ್‌ಗೆ ಹೋಗಿ ಎರಡನೇ ಬಾಲಿಗೇ ಬೌಲ್ಡ್ ಆದೆ. ವಾಪಸ್ ಹೋಗೋಕೆ ಮನಸ್ಸಾಗಲಿಲ್ಲ, ಸ್ಕೋರ್ ಬರೀತೀನಿ ಅಂತ ಉಳ್ಕೊಂಡೆ. ಈಗ ಸ್ಕೋರ್ ಬರೆಯೋದರ ಜೊತೆಗೆ ಗ್ರೌಂಡ್ ಬುಕ್ ಮಾಡೋದು, ಅಟೆಂಡೆನ್ಸ್ ಲೆಟರ್‌ಗೆ ಎಚ್‌ಒಡಿ ಸಹಿ ಹಾಕಿಸೋದು, ಕಿಟ್ ಬ್ಯಾಗನ್ನ ಆಟೋದಲ್ಲಿ ಸಾಗಿಸೋದು ಎಲ್ಲ ನನ್ನದೇ. ಗೆದ್ದಾಗ ಫೋಟೋ ತೆಗೆಯೋನೂ ನಾನೇ, ಹಾಗಾಗಿ ಯಾವ ಫೋಟೋದಲ್ಲೂ ನಾನಿರಲ್ಲ.

ಇದನ್ನೇ ಒಂದು ದಿನ ಚಾಮರಾಜಪೇಟೆಯ ನಮ್ಮ ಮನೆಯಲ್ಲಿ ಗೊಣಗ್ತಾ ಕೂತಿದ್ದೆ. ತಾತ ಪೇಪರಿನಿಂದ ತಲೆ ಎತ್ತಿ, ಚಿನ್ನಸ್ವಾಮಿ ಎಷ್ಟು ಸೆಂಚುರಿ ಹೊಡೆದಿದ್ದರು ಹೇಳು ನೋಡೋಣ ಅಂದರು. ನನಗೆ ಗೊತ್ತಿರಲಿಲ್ಲ. ನೂರು ಸಲ ಬಾಯಲ್ಲಿ ಹೇಳಿರುವ ಹೆಸರು, ಅದು ಯಾರದ್ದು ಅಂತ ಒಂದು ಸಲವೂ ಯೋಚನೆ ಮಾಡಿರಲಿಲ್ಲ. ಹುಡುಕಿ ಓದಿದ ಮೇಲೆ ಗೊತ್ತಾದದ್ದನ್ನ ಇಲ್ಲಿ ಬರೀತಿದ್ದೀನಿ.

ಮಂಗಳಂ ಚಿನ್ನಸ್ವಾಮಿ ಹುಟ್ಟಿದ್ದು 1900ರಲ್ಲಿ. ಮಂಡ್ಯದವರು, ವೃತ್ತಿಯಲ್ಲಿ ವಕೀಲರು. ಆಟಗಾರರಾಗಿ ಅವರು ಹೆಸರು ಮಾಡಲಿಲ್ಲ. ನಮ್ಮ ರಾಜ್ಯದ ಕ್ರಿಕೆಟ್ ಸಂಸ್ಥೆ 1933ರಲ್ಲಿ ಮೈಸೂರು ಸ್ಟೇಟ್ ಕ್ರಿಕೆಟ್ ಅಸೋಸಿಯೇಷನ್ ಅನ್ನೋ ಹೆಸರಲ್ಲಿ ಶುರುವಾಯಿತು. ಅದನ್ನು ಕಟ್ಟಿದವರಲ್ಲಿ ಅವರೂ ಒಬ್ಬರು.

ಆಗ ನಮ್ಮ ಟೀಮಿನ ಸ್ಥಿತಿ ಹೇಗಿತ್ತು ಅಂದ್ರೆ, 1934ರಲ್ಲಿ ರಣಜಿ ಟ್ರೋಫಿಯ ಮೊಟ್ಟಮೊದಲ ಮ್ಯಾಚ್ ಮದ್ರಾಸಿನ ಚೆಪಾಕ್‌ನಲ್ಲಿ ಮದ್ರಾಸ್ ಮತ್ತು ಮೈಸೂರಿನ ನಡುವೆ ನಡೆಯಿತು. ಮೈಸೂರು ಮೊದಲ ಇನಿಂಗ್ಸ್‌ನಲ್ಲಿ 48, ಎರಡನೆಯದರಲ್ಲಿ 59. ಮದ್ರಾಸ್ ಹೊಡೆದದ್ದು ಬರೀ 130, ಆದರೂ ಇನಿಂಗ್ಸ್ ಗೆಲುವು. ಮ್ಯಾಚ್ ಒಂದೇ ದಿನಕ್ಕೆ ಮುಗಿದುಹೋಯಿತು! ಆಮೇಲೆ 1941–42ರಲ್ಲಿ ಮತ್ತು 1959–60ರಲ್ಲಿ ಫೈನಲ್‌ವರೆಗೂ ಹೋಗಿ ಎರಡು ಸಲವೂ ಬಾಂಬೆಗೆ ಸೋತೆವು.

ಚಿನ್ನಸ್ವಾಮಿಯವರು 1953ರಲ್ಲಿ ಸಂಸ್ಥೆಯ ಕಾರ್ಯದರ್ಶಿಯಾದರು. 25 ವರ್ಷ ಆ ಕೆಲಸ ಮಾಡಿದರು. ಕಾರ್ಯದರ್ಶಿ ಅನ್ನೋ ಪದ ಕೇಳಿದರೆ ದೊಡ್ಡ ಕುರ್ಚಿ ನೆನಪಾಗುತ್ತೆ, ಆದರೆ ಕೆಲಸ ಮಾತ್ರ ತೀರಾ ಸಣ್ಣ ಸಣ್ಣದು. ಬಸವನಗುಡಿ, ಮಲ್ಲೇಶ್ವರದ ಹುಡುಗರು ಕ್ಲಬ್ಬಿಗೆ ಸೇರಿ ಲೀಗ್ ಆಡಬೇಕಾದರೆ ಯಾರೋ ಒಬ್ಬರು ಪಟ್ಟಿ ಮಾಡಬೇಕು, ಅಂಪೈರ್‌ಗೆ ಹೇಳಬೇಕು, ಮ್ಯಾಟ್ ಹಾಸಿದ್ದಾರಾ ನೋಡಬೇಕು, ಟೀಮ್ ಹೊರಗೆ ಹೋಗುವಾಗ ರೈಲು, ರೂಮು, ಊಟ ಎಲ್ಲದರ ಲೆಕ್ಕ ಇಡಬೇಕು. ಇದೆಲ್ಲ ಸರಿಯಾಗಿ ನಡೆದರೆ ಯಾರ ಕಣ್ಣಿಗೂ ಬೀಳಲ್ಲ.

ಈ ಮಧ್ಯೆ 1960ರಿಂದ 1965ರವರೆಗೆ ಅವರು ಬಿಸಿಸಿಐ ಕಾರ್ಯದರ್ಶಿಯೂ ಆಗಿದ್ದರು. ಆ ಕಾಲದ ಒಂದು ಪ್ರಸಂಗ ನಮ್ಮಂಥ ಇಂಜಿನಿಯರಿಂಗ್ ಸ್ಟೂಡೆಂಟ್ಸ್‌ಗೆ ಬಹಳ ಹತ್ತಿರದ್ದು. ಎರಪಳ್ಳಿ ಪ್ರಸನ್ನ ಆಗ ಮೈಸೂರಿನಲ್ಲಿ ಇಂಜಿನಿಯರಿಂಗ್ ಓದ್ತಿದ್ದರು. 1962ರಲ್ಲಿ ವೆಸ್ಟ್ ಇಂಡೀಸ್ ಟೂರ್‌ಗೆ ಆಯ್ಕೆಯಾದರು. ಮನೆಯಲ್ಲಿ ಅಪ್ಪನಿಗೆ ಇಷ್ಟವಿಲ್ಲ, ಓದು ಹಾಳಾಗುತ್ತೆ ಅನ್ನೋ ಭಯ. ನಮ್ಮ ಮನೆಗಳಲ್ಲಿ ಇವತ್ತಿಗೂ ನಡೆಯೋ ಜಗಳವೇ ಅಲ್ವಾ ಇದು? ಬೋರ್ಡ್ ಕಾರ್ಯದರ್ಶಿಯಾಗಿದ್ದ ಚಿನ್ನಸ್ವಾಮಿ ಸುಮ್ಮನೆ ಇನ್ನೊಬ್ಬ ಸ್ಪಿನ್ನರ್ ಹೆಸರು ಬರೆದುಕೊಂಡು ಮುಂದೆ ಹೋಗಬಹುದಿತ್ತು. ಹಾಗೆ ಮಾಡಲಿಲ್ಲ. ಮೈಸೂರು ಮಹಾರಾಜರಿಂದಲೂ ಹೇಳಿಸಿ ಅಪ್ಪನನ್ನು ಒಪ್ಪಿಸಿದರು. ವಾಪಸ್ ಬಂದು ಇಂಜಿನಿಯರಿಂಗ್ ಮುಗಿಸಬೇಕು ಅನ್ನೋದು ಷರತ್ತು. ಪ್ರಸನ್ನ ಮಾತು ಉಳಿಸಿಕೊಂಡರು. ಡಿಗ್ರಿ ಮುಗಿಸಿ ಮತ್ತೆ ಟೆಸ್ಟ್ ಆಡೋಕೆ ಬಂದದ್ದು 1967ರಲ್ಲಿ. ಆಮೇಲೆ ಅವರ ಆಫ್ ಸ್ಪಿನ್ ಏನು ಮಾಡಿತು ಅನ್ನೋದು ಎಲ್ಲರಿಗೂ ಗೊತ್ತು.

ಅಷ್ಟು ದಿನವೂ ಸಂಸ್ಥೆಗೆ ತನ್ನದೇ ಗ್ರೌಂಡ್ ಇರಲಿಲ್ಲ. ಬೆಂಗಳೂರಿನ ರಣಜಿ ಮ್ಯಾಚ್‌ಗಳು ಸೆಂಟ್ರಲ್ ಕಾಲೇಜ್ ಮೈದಾನದಲ್ಲಿ ನಡೀತಿದ್ದವು. ಸ್ವಂತ ಸ್ಟೇಡಿಯಂ ಬೇಕು ಅಂತ ಹಿಂದೆ ಬಿದ್ದವರು ಚಿನ್ನಸ್ವಾಮಿ. ಸರ್ಕಾರದಿಂದ ಕಬ್ಬನ್ ಪಾರ್ಕ್ ಪಕ್ಕದ ಜಾಗ ಲೀಸಿಗೆ ಸಿಕ್ಕಿತು. 1969ರ ಮೇ ತಿಂಗಳಲ್ಲಿ ಶಂಕುಸ್ಥಾಪನೆ, 1970ರಲ್ಲಿ ಕೆಲಸ ಶುರು. ಆಗ ಅವರ ವಯಸ್ಸು 70! ಬೇರೆಯವರು ಪೆನ್ಷನ್ ತಗೊಂಡು ಮನೆಯಲ್ಲಿರೋ ವಯಸ್ಸಲ್ಲಿ ಇವರು ಸಿಮೆಂಟು, ಕಬ್ಬಿಣ, ದುಡ್ಡು ಅಂತ ಓಡಾಡ್ತಿದ್ದರು.

1974ರ ಮಾರ್ಚ್‌ನಲ್ಲಿ ಆ ಹೊಸ ಗ್ರೌಂಡಿನಲ್ಲೇ ರಣಜಿ ಸೆಮಿಫೈನಲ್. ಎದುರಾಳಿ ಅದೇ ಬಾಂಬೆ, ಅದೂ ಸತತ 15 ವರ್ಷ ಟ್ರೋಫಿ ಗೆದ್ದಿದ್ದ ಟೀಮ್. ವಿಶ್ವನಾಥ್ 162, ಬ್ರಿಜೇಶ್ ಪಟೇಲ್ 106. ಗಾವಸ್ಕರ್ ಸ್ಟಂಪ್ ಎಗರಿಸಿದ್ದು ನಮ್ಮ ಕ್ಯಾಪ್ಟನ್, ಅದೇ ಪ್ರಸನ್ನ. ಮೊದಲ ಇನಿಂಗ್ಸ್ ಲೀಡ್ ಮೇಲೆ ಕರ್ನಾಟಕ ಫೈನಲ್‌ಗೆ ಹೋಯಿತು. ಜೈಪುರದಲ್ಲಿ ರಾಜಸ್ಥಾನವನ್ನು ಸೋಲಿಸಿ ಮೊದಲ ಸಲ ಟ್ರೋಫಿ ತಂದಿತು. ರಾಜ್ಯಕ್ಕೆ ಕರ್ನಾಟಕ ಅಂತ ಹೆಸರು ಬಂದು ಇನ್ನೂ ಒಂದು ವರ್ಷವೂ ಆಗಿರಲಿಲ್ಲ. ಒಂದೇ ದಿನದಲ್ಲಿ ಸೋತ ಟೀಮು ಇಲ್ಲಿಗೆ ಬರಲು 40 ವರ್ಷ ಹಿಡಿಯಿತು.

ಅದೇ ವರ್ಷ ನವೆಂಬರಿನಲ್ಲಿ ಅಲ್ಲಿ ಮೊದಲ ಟೆಸ್ಟ್ ನಡೆಯಿತು. ವೆಸ್ಟ್ ಇಂಡೀಸ್ ಕಡೆಯಿಂದ ವಿವಿಯನ್ ರಿಚರ್ಡ್ಸ್, ಗಾರ್ಡನ್ ಗ್ರೀನಿಜ್ ಇಬ್ಬರಿಗೂ ಅದು ಮೊದಲ ಟೆಸ್ಟ್. ರಿಚರ್ಡ್ಸ್‌ನನ್ನ ಎರಡೂ ಇನಿಂಗ್ಸ್‌ನಲ್ಲಿ ಔಟ್ ಮಾಡಿದ್ದು ನಮ್ಮ ಚಂದ್ರಶೇಖರ್.

ಚಿನ್ನಸ್ವಾಮಿಯವರು 1977ರಿಂದ 1980ರವರೆಗೆ ಬಿಸಿಸಿಐ ಅಧ್ಯಕ್ಷರಾಗಿದ್ದರು. ಎಷ್ಟೋ ವರ್ಷ ನಿಂತುಹೋಗಿದ್ದ ಭಾರತ–ಪಾಕಿಸ್ತಾನ ಕ್ರಿಕೆಟ್ 1978ರಲ್ಲಿ ಮತ್ತೆ ಶುರುವಾದದ್ದು ಆ ಅವಧಿಯಲ್ಲೇ. ರಾಜ್ಯ ಸಂಸ್ಥೆಯ ಅಧ್ಯಕ್ಷರಾಗಿ 1990ರವರೆಗೂ ದುಡಿದು, 1991ರಲ್ಲಿ ತೀರಿಕೊಂಡರು. ಕೆಎಸ್‌ಸಿಎ ಸ್ಟೇಡಿಯಂಗೆ ಅವರ ಹೆಸರನ್ನೇ ಇಟ್ಟರು.

ಇನ್ನೊಂದು ವಿಷಯ ಹೇಳದೆ ಮುಗಿಸೋಕೆ ಮನಸ್ಸಾಗ್ತಿಲ್ಲ. 2025ರ ಜೂನ್ 4ರಂದು, ಆರ್‌ಸಿಬಿ ಮೊದಲ ಸಲ ಐಪಿಎಲ್ ಗೆದ್ದ ಮರುದಿನ, ಆ ಸ್ಟೇಡಿಯಂನ ಗೇಟುಗಳ ಹತ್ತಿರ ನೂಕುನುಗ್ಗಲಲ್ಲಿ 11 ಜನ ಸತ್ತರು. ಅವರಲ್ಲಿ ನಮ್ಮ ವಯಸ್ಸಿನವರೂ ಇದ್ದರು. ತಪ್ಪು ಯಾರದ್ದು ಅಂತ ತೀರ್ಪು ಕೊಡೋಕೆ ನಾನು ಯಾರೂ ಅಲ್ಲ. ಆದರೆ ಗೇಟ್ ಎಷ್ಟು ಅಗಲ ಇರಬೇಕು, ಎಷ್ಟು ಜನ ಹಿಡಿಸ್ತಾರೆ, ಯಾವ ಕಡೆಯಿಂದ ಒಳಗೆ, ಯಾವ ಕಡೆಯಿಂದ ಹೊರಗೆ ಅನ್ನೋದೆಲ್ಲ ತೆರೆಮರೆಯ ಕೆಲಸವೇ. ಆ ಕೆಲಸ ಎಷ್ಟು ದೊಡ್ಡದು ಅಂತ ಅವತ್ತು ನನಗೆ ಅರ್ಥವಾಯಿತು. ನಾಳೆ ಇಂಜಿನಿಯರ್ ಆಗೋ ನಾವು ಮಾಡಬೇಕಾಗಿರೋದೂ ಇಂಥದ್ದೇ.

2010ರಲ್ಲಿ ಅನಿಲ್ ಕುಂಬ್ಳೆ ಕೆಎಸ್‌ಸಿಎ ಅಧ್ಯಕ್ಷರಾದರು, ಜಾವಗಲ್ ಶ್ರೀನಾಥ್ ಕಾರ್ಯದರ್ಶಿಯಾದರು. ಒಬ್ಬರು ಆರ್‌ವಿ ಕಾಲೇಜು, ಇನ್ನೊಬ್ಬರು ಮೈಸೂರಿನ ಎಸ್‌ಜೆಸಿಇ, ಇಬ್ಬರೂ ಇಂಜಿನಿಯರ್‌ಗಳು. ಅಷ್ಟು ವಿಕೆಟ್ ತೆಗೆದವರೂ ಕೊನೆಗೆ ಚಿನ್ನಸ್ವಾಮಿಯವರು ಮಾಡಿದ ಕೆಲಸಕ್ಕೇ ಬಂದು ಕೂತರು.

ತಾತನಿಗೆ ಉತ್ತರ ಹೇಳಿದೆ, ಚಿನ್ನಸ್ವಾಮಿ ಒಂದು ಸೆಂಚುರಿಯೂ ಹೊಡೆದಿಲ್ಲ ಅಂತ. ತಾತ ನಕ್ಕು ಮತ್ತೆ ಪೇಪರ್ ಓದೋಕೆ ಶುರು ಮಾಡಿದರು. ಮುಂದಿನ ಶನಿವಾರ ನಮ್ಮ ಟೀಮಿಗೆ ಮ್ಯಾಚ್ ಇದೆ. ಗ್ರೌಂಡ್ ಬುಕ್ ಆಗಿದೆ, ಲೆಟರ್‌ಗೆ ಸಹಿ ಬಿದ್ದಿದೆ, ಸ್ಕೋರ್ ಬುಕ್ಕಿಗೆ ಹೊಸ ಪೆನ್ ತಂದಿದ್ದೀನಿ. ಬಿಡುವಿದ್ದರೆ ನೋಡೋಕೆ ಬನ್ನಿ.